ಕೇಬಲ್ ತೆಗೆಸಿ ನೆಟ್‌ನಲ್ಲೇ ಟೀವಿ ನೋಡೋಕೆ ಎಷ್ಟು ಎಂಬಿಪಿಎಸ್ (ನೆಟ್ ವೇಗ) ಸಾಕು? (ಹಾಸನ, ಚಿಕ್ಕಮಗಳೂರು ಕಡೆಯವರು ಹೇಳಿ)

ಸಾಲಗಾಮೆ ರಸ್ತೆ | ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಒಂದು ತೀರ್ಮಾನಕ್ಕೆ ಬರೋಕಾಗದೆ ಒದ್ದಾಡ್ತಿದ್ದೀನಿ.

ಮನೆ ಹಾಸನದಲ್ಲಿ, ಸಾಲಗಾಮೆ ರಸ್ತೆ ಕಡೆ. ನಾಲ್ಕು ಜನ: ಅಮ್ಮ, ನಾನು, ನಮ್ಮ ಮನೆಯವರು, ಪಿಯುಸಿ ಓದ್ತಿರೋ ಮಗಳು. ಟೀವಿ ಎರಡು. ಹಾಲ್‌ನಲ್ಲಿ 43 ಇಂಚಿನ 4ಕೆ ಟೀವಿ, ಅಮ್ಮನ ರೂಮಲ್ಲಿ 32 ಇಂಚಿನ ಹಳೇದು. ಎರಡಕ್ಕೂ ಕೇಬಲ್ ಇದೆ. ಹಾಲ್‌ದು 380, ಅಮ್ಮನದು 300, ಒಟ್ಟು ತಿಂಗಳಿಗೆ 680 ರೂಪಾಯಿ. ಇಂಟರ್ನೆಟ್ ಇಲ್ಲಿವರೆಗೂ ಮೊಬೈಲ್‌ನಲ್ಲೇ ನಡೀತಿತ್ತು. ಈಗ ಮಗಳ ಓದಿಗೆ ಹೇಗಿದ್ರೂ ವೈಫೈ ಹಾಕಿಸಲೇಬೇಕು. ಅದು ಬಂದ ಮೇಲೆ ಕೇಬಲ್ ಯಾಕೆ ಅನ್ನೋದು ಮನೆಯಲ್ಲಿ ಎದ್ದಿರೋ ಪ್ರಶ್ನೆ.

ಫೈಬರ್ ಮಾರೋಕೆ ಬಂದ ಹುಡುಗ ಚೀಟಿಯಲ್ಲಿ ಮೂರು ಪ್ಲಾನ್ ಬರೆದುಕೊಟ್ಟ. 50 ಎಂಬಿಪಿಎಸ್‌ಗೆ 500, 100ಕ್ಕೆ 700, 300ಕ್ಕೆ 1500. "4ಕೆ ಟೀವಿ ಇದೆಯಲ್ಲ ಸಾರ್, 300 ಇಲ್ದಿದ್ರೆ ಸುತ್ತುತ್ತಾ ಕೂರುತ್ತೆ" ಅಂದ. ಶೇ. 18 ಜಿಎಸ್‌ಟಿ ಸೇರಿದ್ರೆ ಅದು 1770 ಆಯ್ತು, ಈಗಿನ ಕೇಬಲ್ ಬಿಲ್ಲಿನ ಎರಡೂವರೆ ಪಟ್ಟಿಗಿಂತ ಜಾಸ್ತಿ. ನಿಜವಾಗಿಯೂ ಅಷ್ಟು ಬೇಕಾ? ಕೇಬಲ್ ತೆಗೆಸಿ ಬರೀ ನೆಟ್‌ನಲ್ಲಿ ನೋಡ್ತಿರೋರು ಹೇಳಿ. ಬೆಂಗಳೂರಿನ ಲೆಕ್ಕ ನಮಗೆ ಹೊಂದಲ್ಲ, ದಯವಿಟ್ಟು ನಮ್ಮ ಕಡೆಯವರೇ ಹೇಳಿ.

ಚನ್ನರಾಯಪಟ್ಟಣ ಮನೆ | ಭಾನುವಾರ ರಾತ್ರಿ 9:32

300 ಬೇಡವೇ ಬೇಡ. ನಮ್ಮನೇಲಿ 40 ಇದೆ, ಎರಡು ಟೀವಿ, ಮೂರು ಫೋನ್. ಎರಡು ವರ್ಷದಿಂದ ಕೇಬಲ್ ಇಲ್ಲ, ಏನೂ ತೊಂದರೆ ಆಗಿಲ್ಲ.

ಬೇಲೂರು ನೆಟ್‌ವರ್ಕ್ | ಭಾನುವಾರ ರಾತ್ರಿ 10:05

ನನ್ನ ಕೆಲಸವೇ ಇದು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದಲು ಟೀವಿ ಎಷ್ಟು ಕೇಳುತ್ತೆ ನೋಡಿ. ನೆಟ್‌ಫ್ಲಿಕ್ಸ್‌ನವರೇ ಹೇಳೋ ಪ್ರಕಾರ ಎಚ್‌ಡಿ ಅಂದ್ರೆ 720ಪಿಗೆ 3 ಎಂಬಿಪಿಎಸ್, ಫುಲ್ ಎಚ್‌ಡಿಗೆ 5, 4ಕೆಗೆ 15. ಯೂಟ್ಯೂಬ್ 4ಕೆಗೆ 20 ಅನ್ನುತ್ತೆ. ಇವು ಒಂದು ಟೀವಿಯ ಲೆಕ್ಕ. ಮನೇಲಿ ಒಂದೇ ಹೊತ್ತಿಗೆ ಎಷ್ಟು ನಡೀತಿದೆಯೋ ಅದನ್ನ ಕೂಡಿಸಿದ್ರೆ ಮುಗೀತು. ನಿಮ್ಮ ಹಾಲ್ ಟೀವಿಗೆ 20 ಇಡಿ, ಅಮ್ಮನ ಟೀವಿಗೆ 5, ಯಾರೋ ಫೋನಲ್ಲಿ ವಿಡಿಯೋ ನೋಡ್ತಿದ್ರೆ 5, ಮಗಳ ಆನ್‌ಲೈನ್ ಕ್ಲಾಸ್‌ಗೆ 4. ಎಲ್ಲ ಸೇರಿ 34. ಮೊಬೈಲ್ ಅಪ್‌ಡೇಟ್ ಅದೂ ಇದೂ ಅಂತ ಮೇಲೆ ಇನ್ನೊಂದು ಹತ್ತು ಇಟ್ಟುಕೊಳ್ಳಿ. 50 ಸಾಕು. ಅದೂ ನಾಲ್ಕೂ ಜನ ಒಟ್ಟಿಗೆ ಕೂತ ರಾತ್ರಿಯ ಲೆಕ್ಕ ಇದು.

ಆ 20 ಕೂಡ ದಿನವೂ ಬೇಕಾಗಲ್ಲ. ನಮ್ಮ ಕನ್ನಡ ಧಾರಾವಾಹಿ, ನ್ಯೂಸ್ ಯಾವುದೂ 4ಕೆಯಲ್ಲಿ ಬರೋದಿಲ್ಲ. ನೆಟ್‌ಫ್ಲಿಕ್ಸ್‌ನಲ್ಲೂ 4ಕೆ ಬೇಕು ಅಂದ್ರೆ ಅವರ ಅತಿ ದುಬಾರಿ ಪ್ಲಾನ್ ತಗೋಬೇಕು. ಹತ್ತಡಿ ದೂರದ ಸೋಫಾದಲ್ಲಿ ಕೂತು 43 ಇಂಚು ನೋಡೋರಿಗೆ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಹುಡುಕೋದು ಕಷ್ಟ.

ಇನ್ನೊಂದು ಮಾತು. ನಿಮ್ಮ ಟೀವಿ ಹಿಂದೆ ನೆಟ್ ವೈರ್ ಚುಚ್ಚೋ ಲ್ಯಾನ್ ತೂತು ಇದೆಯಲ್ಲ, ಬಹುತೇಕ ಟೀವಿಗಳಲ್ಲಿ ಅದು 100 ಎಂಬಿಪಿಎಸ್‌ದೇ. 300ರ ಪ್ಲಾನ್ ತಗೊಂಡು ವೈರ್ ಚುಚ್ಚಿದ್ರೂ ಟೀವಿ 95ರ ಹತ್ತಿರ ನಿಂತುಬಿಡುತ್ತೆ. ಆ ಹುಡುಗ ಅದನ್ನ ಹೇಳಲಿಲ್ಲ.

ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ ಅಷ್ಟು ಎಂಬಿ ಅಲ್ಲ ಅನ್ನೋದೂ ಗೊತ್ತಿರಲಿ. ಅದು ಮೆಗಾಬಿಟ್ ಲೆಕ್ಕ, ಎಂಟು ಬಿಟ್ ಸೇರಿದ್ರೆ ಒಂದು ಬೈಟ್, ಅದಕ್ಕೆ ಎಂಟರಿಂದ ಭಾಗಿಸಬೇಕು. 100 ಎಂಬಿಪಿಎಸ್ ಲೈನಲ್ಲಿ ಸೆಕೆಂಡಿಗೆ 12.5 ಎಂಬಿ ಇಳಿಯುತ್ತೆ. ಇದು ಗೊತ್ತಿಲ್ಲದೆ ಮೋಸ ಆಯ್ತು ಅಂತ ನನ್ನ ಹತ್ರ ಬಂದವರು ಬಹಳ ಜನ.

ಮೂಡಿಗೆರೆ ತೋಟ | ಸೋಮವಾರ ಬೆಳಗ್ಗೆ 6:20

ಬೇಲೂರಿನವರ ಲೆಕ್ಕ ಸರಿ ಇದೆ, ನಾನು ಒಪ್ಪುತ್ತೇನೆ. ಆದರೆ ಮಲೆನಾಡಲ್ಲಿ ಪ್ರಶ್ನೆಯೇ ಬೇರೆ ಮಾರಾಯ್ರೆ. ಇಲ್ಲಿ ಯಾರೂ "ಎಷ್ಟು ಸ್ಪೀಡು" ಅಂತ ಕೇಳಲ್ಲ, "ಮಳೆಗಾಲದಲ್ಲಿ ಎಷ್ಟು ದಿನ ಇರುತ್ತೆ" ಅಂತ ಕೇಳ್ತಾರೆ.

ನಮ್ಮ ತೋಟದ ಮನೆಗೆ ಫೈಬರ್ ಬಂದು ಮೂರು ವರ್ಷ. ರಸ್ತೆಯಿಂದ ಮನೆಗೆ ಮುಕ್ಕಾಲು ಕಿಲೋಮೀಟರ್ ದಾರಿ. ವೈರ್ ಎಳೆದಿರೋದು ಕರೆಂಟ್ ಕಂಬದ ಮೇಲೆ, ಕಂಬ ಇಲ್ಲದ ಕಡೆ ಸಿಲ್ವರ್ ಮರಕ್ಕೆ ಕಟ್ಟಿದ್ದಾರೆ. ಜೂನ್ ಕೊನೆಗೆ ಗಾಳಿ ಶುರುವಾಯ್ತೋ, ಒಂದು ಕೊಂಬೆ ಬಿದ್ರೆ ಸಾಕು, ಕೆಂಪು ಲೈಟ್. ಕಳೆದ ಮಳೆಗಾಲದಲ್ಲಿ ನಾನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೆ. ಜುಲೈ ಒಂದೇ ತಿಂಗಳಲ್ಲಿ ಒಂಬತ್ತು ದಿನ ನೆಟ್ ಇರಲಿಲ್ಲ. ಆ ಒಂಬತ್ತು ದಿನ ನನ್ನ ಪ್ಲಾನ್ 50 ಆದರೇನು, 500 ಆದರೇನು?

ಹಾಗಂತ ಡಿಶ್ ಇಟ್ಟುಕೊಂಡ್ರೆ ಮಳೆ ದಪ್ಪ ಆದ ಕೂಡಲೆ ಅದೂ ಹೋಗುತ್ತೆ. ಡಿಶ್‌ಗೆ ಬರೋ ಅಲೆಗಳನ್ನ ದಟ್ಟ ಮಳೆ ಹೀರಿಬಿಡುತ್ತೆ. ಆದರೆ ಒಂದು ವ್ಯತ್ಯಾಸ ನಾನು ನೋಡಿದ್ದೇನೆ. ಡಿಶ್ ಅರ್ಧ ಗಂಟೆ ಹೋಗಿ ಮಳೆ ಸಣ್ಣಗಾದ ಮೇಲೆ ತಾನಾಗೇ ಬರುತ್ತೆ. ಫೈಬರ್ ತುಂಡಾದರೆ ಮನುಷ್ಯ ಬರಬೇಕು, ಏಣಿ ಬರಬೇಕು, ಜಾಯಿಂಟ್ ಮಾಡೋ ಯಂತ್ರ ಬರಬೇಕು.

ಅದಕ್ಕೆ ನಾವು ಮಾಡಿದ್ದು: 30 ಎಂಬಿಪಿಎಸ್‌ನ ಅತಿ ಸಣ್ಣ ಪ್ಲಾನ್, ಜೊತೆಗೆ ಡಿಡಿ ಫ್ರೀ ಡಿಶ್. ಅದಕ್ಕೆ ತಿಂಗಳ ಬಾಡಿಗೆ ಇಲ್ಲ. ಚಂದನ ಬರುತ್ತೆ, ಮಳೆಗಾಲದಲ್ಲಿ ಬೇಕಾದ ಸುದ್ದಿ ಸಿಗುತ್ತೆ. ಉಳಿದ ದುಡ್ಡಲ್ಲಿ ರೂಟರ್‌ಗೆ ಒಂದು ಸಣ್ಣ ಯುಪಿಎಸ್.

ಅರಸೀಕೆರೆ ಕೇಬಲ್ | ಸೋಮವಾರ ಮಧ್ಯಾಹ್ನ 2:45

ನಾನು ಕೇಬಲ್ ಆಪರೇಟರ್. ನನ್ನ ಜೀವನ ಇದರಲ್ಲೇ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರೂ ನಿಮಗೆ ಗೊತ್ತಾಗಬೇಕಾದ್ದು ಹೇಳ್ತೀನಿ.

ಕೇಬಲ್ಲಿಗೂ ನೆಟ್ಟಿಗೂ ಮೂಲದಲ್ಲೇ ಒಂದು ವ್ಯತ್ಯಾಸ ಇದೆ. ಕೇಬಲಲ್ಲಿ ನಾನು ಒಂದು ಸಿಗ್ನಲ್ ಬಿಟ್ರೆ ನೂರು ಮನೆ ನೋಡಿದ್ರೂ ಅದೇ ಸಿಗ್ನಲ್, ಸಾವಿರ ಮನೆ ನೋಡಿದ್ರೂ ಅದೇ. ಜನ ಜಾಸ್ತಿ ಆದ್ರು ಅಂತ ನಿಧಾನ ಆಗಲ್ಲ. ನೆಟ್ಟಲ್ಲಿ ಹಾಗಲ್ಲ. ಪ್ರತಿ ಟೀವಿಗೂ ಬೇರೆ ಬೇರೆ ಬರಬೇಕು. ಒಂದೇ ಧಾರಾವಾಹಿಯನ್ನ ಒಂದೇ ಬೀದಿಯಲ್ಲಿ ಐವತ್ತು ಮನೆ ನೋಡಿದ್ರೆ ಐವತ್ತು ಸಲ ಬರಬೇಕು. ಅದಕ್ಕೇ ರಾತ್ರಿ ಎಂಟರಿಂದ ಹತ್ತೂವರೆಗೆ ಎಲ್ಲ ಆಪರೇಟರ್‌ಗೂ ಪರೀಕ್ಷೆ.

ನಾನೀಗ ಎರಡೂ ಕೊಡ್ತೀನಿ. ಒಂದೇ ಫೈಬರ್ ಎಳೆ, ಅದರಲ್ಲಿ ಟೀವಿಗೆ 1550 ನ್ಯಾನೋಮೀಟರ್ ಬೆಳಕು, ನೆಟ್ಟಿಗೆ 1490. ಎರಡು ಬಣ್ಣದ ನೀರು ಒಂದೇ ಪೈಪಲ್ಲಿ ಬೆರೆಯದೆ ಹರಿದ ಹಾಗೆ. ಈ ಥರ ಮನೆ ಮನೆಗೆ ಫೈಬರ್ ಹಂಚೋ ವ್ಯವಸ್ಥೆಗೆ ಜಿಪಾನ್ ಅಂತಾರೆ. ಅದರಲ್ಲಿ ನಮ್ಮ ಕಡೆಯ ಒಂದು ಪೋರ್ಟಿಗೆ ಸುಮಾರು 2.5 ಜಿಬಿಪಿಎಸ್, ಅಂದ್ರೆ 2500 ಎಂಬಿಪಿಎಸ್ ಇಳಿಯೋ ಸಾಮರ್ಥ್ಯ. ಅದನ್ನ 64 ಮನೆಗೆ ಹಂಚಿದ್ರೂ, ಎಲ್ಲರೂ ಒಟ್ಟಿಗೆ ಎಳೆದ್ರೆ ತಲೆಗೆ 39 ಹತ್ರ ಬರುತ್ತೆ. 64 ಮನೆಯೂ ತಲಾ 20ರಂತೆ 4ಕೆ ನೋಡಿದ್ರೂ ಬೇಕಾಗೋದು 1280 ಎಂಬಿಪಿಎಸ್. ಹಾಗಾಗಿ ಬೀದಿಯ ಫೈಬರ್‌ನಲ್ಲಿ ಕೊರತೆ ಇಲ್ಲ. ಕೊರತೆ ಬೀಳೋದು ಆಪರೇಟರ್ ಮೇಲಿನ ಕಂಪನಿಯಿಂದ ಎಷ್ಟು ಬ್ಯಾಂಡ್‌ವಿಡ್ತ್ (ಒಟ್ಟು ನೆಟ್ ಸಾಮರ್ಥ್ಯ) ಕೊಂಡಿದ್ದಾನೆ ಅನ್ನೋದರಲ್ಲಿ. ಅಲ್ಲಿ ಕಮ್ಮಿ ಕೊಂಡ್ರೆ ನಿಮಗೆ 300 ಅಂತ ಮಾರಿದ್ರೂ ರಾತ್ರಿ ಒಂಬತ್ತಕ್ಕೆ 20 ಬರುತ್ತೆ.

ಪ್ಲಾನ್ ತಗೊಳ್ಳೋ ಮುಂಚೆ ಎರಡು ಪ್ರಶ್ನೆ ಕೇಳಿ. ಒಂದು, ಮನೆ ತನಕ ಫೈಬರ್ ಬರುತ್ತಾ, ಇಲ್ಲಾ ಬೀದಿ ಕೊನೆಯಲ್ಲಿ ಸ್ವಿಚ್ (ನೆಟ್ ಹಂಚೋ ಡಬ್ಬಿ) ಇಟ್ಟು ಅಲ್ಲಿಂದ ಲ್ಯಾನ್ ವೈರ್ ಎಳೀತೀರಾ? ಸ್ವಿಚ್ ಇಟ್ಟಿದ್ರೆ ಆ ಸ್ವಿಚ್ಚಿಗೆ ಕರೆಂಟ್ ಬೇಕು. ನಿಮ್ಮನೆಗೆ ಇನ್ವರ್ಟರ್ ಇದ್ರೂ ಆ ಬೀದಿಯ ಕರೆಂಟ್ ಹೋದ ತಕ್ಷಣ ನಿಮ್ಮ ನೆಟ್ ಹೋಗುತ್ತೆ. ಜಿಪಾನ್‌ನಲ್ಲಿ ದಾರಿ ಮಧ್ಯೆ ಕರೆಂಟಿನ ಅವಶ್ಯಕತೆ ಇಲ್ಲ, ನಡುವೆ ಇರೋದು ಬೆಳಕನ್ನ ಹಂಚೋ ಬರೀ ಗಾಜಿನ ಸ್ಪ್ಲಿಟರ್. ಎರಡು, ಲೈನ್ ಹೋದ್ರೆ ಯಾರು ಬರ್ತಾರೆ, ಅವರ ಫೋನ್ ನಂಬರ್ ಕೊಡಿ ಅಂತ. ಸಹಾಯವಾಣಿ ನಂಬರ್ ಬೇಡ, ಏಣಿ ಹೊತ್ತು ಬರೋ ಹುಡುಗನ ನಂಬರ್ ಬೇಕು.

ಸಾಲಗಾಮೆ ರಸ್ತೆ | ಸೋಮವಾರ ರಾತ್ರಿ 8:50

ಅರಸೀಕೆರೆಯವರೇ, ತುಂಬು ಮನಸ್ಸಿನಿಂದ ಧನ್ಯವಾದ. ನಿಮ್ಮ ವ್ಯಾಪಾರಕ್ಕೆ ನಷ್ಟ ಆಗೋ ವಿಷಯದಲ್ಲೂ ಇಷ್ಟು ಬಿಡಿಸಿ ಹೇಳಿದ್ರಿ.

ಇವತ್ತು ಆ ಹುಡುಗನಿಗೆ ಫೋನ್ ಮಾಡಿ ಕೇಳಿದೆ. ಮನೆ ತನಕ ಫೈಬರ್ರೇ ಅಂತೆ. ಏಣಿ ಹುಡುಗನ ನಂಬರ್ ಕೇಳಿದಾಗ ಸ್ವಲ್ಪ ತಡವರಿಸಿ ಕೊಟ್ಟ.

ಇನ್ನೊಂದು ಚಿಂತೆ ಅಮ್ಮಂದು. ವಯಸ್ಸು 72. ರಿಮೋಟಲ್ಲಿ ಮೂರು ಅಂಕಿ ಒತ್ತಿದ್ರೆ ಚಾನೆಲ್ ಬರಬೇಕು, ಅವರಿಗೆ ಗೊತ್ತಿರೋದು ಅಷ್ಟೇ. ಸಂಜೆ ಧಾರಾವಾಹಿ, ಚಂದನದ ಕ್ವಿಜ್. ಆಪ್ ತೆಗಿ, ಪ್ರೊಫೈಲ್ ಒತ್ತು, ಹುಡುಕು, ಇದೆಲ್ಲ ಅವರಿಗೆ ಆಗಲ್ಲ. ಅಪ್ಪ ಹೋದ ಮೇಲೆ ಅವರ ಮಧ್ಯಾಹ್ನಗಳು ಆ ಟೀವಿ ಜೊತೆಗೇ ಕಳೀತಿವೆ. 300 ರೂಪಾಯಿ ಉಳಿಸೋಕೆ ಹೋಗಿ ಅದನ್ನ ಕಿತ್ಕೊಳ್ಳೋಕೆ ನನಗೆ ಮನಸ್ಸಿಲ್ಲ.

ಕಡೂರು ಮೇಷ್ಟ್ರು | ಸೋಮವಾರ ರಾತ್ರಿ 9:25

ಅಮ್ಮನ ಕೇಬಲ್ ತೆಗೆಸಬೇಡಿ. ನಾನು ತೆಗೆಸಿ ತಪ್ಪು ಮಾಡಿದೆ. ನಮ್ಮ ತಂದೆ ಒಂದು ವಾರ ಟೀವಿಯನ್ನೇ ಹಾಕಲಿಲ್ಲ. ಕೇಳಿದರೆ "ಬೇಡ ಬಿಡು, ನೀವು ನೋಡಿ" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಮಾರನೇ ದಿನವೇ ಮತ್ತೆ ಹಾಕಿಸಿದೆ.

ಡೇಟಾ ಮಿತಿಯ ವಿಷಯ ಇನ್ನೂ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. "ಅನ್‌ಲಿಮಿಟೆಡ್" ಎಂದು ಬರೆದಿದ್ದರೂ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಮಿತಿ ಇರುತ್ತದೆ. ಬಹಳಷ್ಟು ಫೈಬರ್ ಪ್ಲಾನ್‌ಗಳಲ್ಲಿ ಅದು ತಿಂಗಳಿಗೆ 3300 ಜಿಬಿ. ದಾಟಿದರೆ ವೇಗ ಕೆಲವೇ ಎಂಬಿಪಿಎಸ್‌ಗೆ ಇಳಿಯುತ್ತದೆ. ಹಾಗಿದ್ದರೆ ಟೀವಿ ಎಷ್ಟು ತಿನ್ನುತ್ತದೆ? 5 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ಫುಲ್ ಎಚ್‌ಡಿ ನೋಡಿದರೆ 2.25 ಜಿಬಿ. ದಿನಕ್ಕೆ 6 ಗಂಟೆ, ತಿಂಗಳಿಗೆ 30 ದಿನ, ಒಟ್ಟು 405 ಜಿಬಿ. ಎರಡು ಟೀವಿಗೆ 810. ಮನೆಯವರೆಲ್ಲರ ಫೋನ್ ಸೇರಿದರೂ 3300 ಮುಟ್ಟುವುದಿಲ್ಲ. ಆದರೆ ಗೋಡೆಗೆ ವೈರ್ ಇಲ್ಲದೆ ಗಾಳಿಯಲ್ಲೇ ಬರುವ 5ಜಿ ಮನೆ ಇಂಟರ್ನೆಟ್ ತೆಗೆದುಕೊಂಡರೆ ಮಿತಿ ಕಡಿಮೆ ಇರಬಹುದು, ಸಾವಿರ ಜಿಬಿಯ ಪ್ಲಾನ್‌ಗಳಿವೆ. ಅಂಥಲ್ಲಿ 810 ಎಂದರೆ ತುದಿಗೆ ಬಂದಂತೆ. ಇನ್ನು 4ಕೆ ಗಂಟೆಗೆ 7 ಜಿಬಿ ಹತ್ತಿರ ಎಳೆಯುತ್ತದೆ.

ನನ್ನ ತರಗತಿಯ ಮಕ್ಕಳಿಗೆ ಬಿಟ್ ಮತ್ತು ಬೈಟ್ ಪಾಠ ಮಾಡುವಾಗ ಇದೇ ಲೆಕ್ಕ ಕೊಡುತ್ತೇನೆ. ಮನೆಯ ಟೀವಿ ಎಂದ ಕೂಡಲೇ ಪೆನ್ಸಿಲ್ ಹಿಡಿಯುತ್ತಾರೆ.

ಹೇಮಾವತಿ ನಗರ | ಸೋಮವಾರ ರಾತ್ರಿ 10:12

ಗಾಳಿಯಲ್ಲಿ ಬರೋ 5ಜಿ ಬಗ್ಗೆ ನಾನು ಹೇಳ್ತೀನಿ, ನಮ್ಮನೇಲಿ ಎಂಟು ತಿಂಗಳಿಂದ ಇದೆ. ಬಾಡಿಗೆ ಮನೆ, ಓನರ್ ಗೋಡೆ ಕೊರೆಯೋಕೆ ಬಿಡಲಿಲ್ಲ, ಅದಕ್ಕೆ ತಗೊಂಡ್ವಿ. ಮಾಮೂಲಿ ದಿನ ಚೆನ್ನಾಗಿದೆ. ಆದ್ರೆ ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಊರೆಲ್ಲ ಜನ ತುಂಬಿ ನಮ್ಮ ಟೀವಿ ತಡವರಿಸೋಕೆ ಶುರು ಮಾಡ್ತು. ಟವರ್ ಒಂದೇ ಅಲ್ವಾ, ದರ್ಶನಕ್ಕೆ ಬಂದೋರ ಫೋನೂ ಅದಕ್ಕೇ, ನಮ್ಮನೆ ಟೀವಿಯೂ ಅದಕ್ಕೇ. ಸ್ವಂತ ಮನೆ ಇದ್ರೆ ಫೈಬರ್ರೇ ಹಾಕಿಸಿ.

ಕೊಪ್ಪ ಹಳೇ ಮನೆ | ಮಂಗಳವಾರ ಬೆಳಗ್ಗೆ 7:40

ನಮ್ಮದು ಎಪ್ಪತ್ತು ವರ್ಷದ ಮಣ್ಣಿನ ಗೋಡೆ ಮನೆ. ಗೋಡೆ ಒಂದೂವರೆ ಅಡಿ ದಪ್ಪ. 100 ಎಂಬಿಪಿಎಸ್ ಪ್ಲಾನ್ ಹಾಕಿಸಿ ಜಗಲಿಯಲ್ಲಿ ರೂಟರ್ ಇಟ್ಟೆ. ಜಗಲಿಯಲ್ಲಿ 96 ಬಂತು, ಒಳಗಿನ ಕೋಣೆಯಲ್ಲಿ ಟೀವಿಗೆ 6. ಎಂತ ಮಾಡೋದು? ಕಂಪನಿಗೆ ಫೋನ್ ಮಾಡಿದರೆ 200ರ ಪ್ಲಾನ್ ತಗೊಳ್ಳಿ ಅಂದರು. ನಾನೂ ನಂಬಿ ತಗೊಂಡೆ. ಒಳಗೆ 7 ಬಂತು.

ಆಮೇಲೆ ತಿಳೀತು. ವೈಫೈಯಲ್ಲಿ ಎರಡು ದಾರಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ದಾಟೋ ಶಕ್ತಿ ಕಮ್ಮಿ. 2.4 ದೂರ ಹೋಗುತ್ತೆ, ವೇಗ ಕಮ್ಮಿ, ಅಕ್ಕಪಕ್ಕದವರ ವೈಫೈ ಜೊತೆ ಗುದ್ದಾಡುತ್ತೆ. ದಪ್ಪ ಗೋಡೆ ಮುಂದೆ ಎರಡೂ ಸೋಲುತ್ತವೆ. ಕೊನೆಗೆ ಅಟ್ಟದ ಮೇಲಿಂದ ಒಂದು ಲ್ಯಾನ್ ವೈರ್ ಎಳೆಸಿದೆ. ಅದು ನೂರು ಮೀಟರ್ ತನಕ ಆರಾಮಾಗಿ ಒಯ್ಯುತ್ತೆ. ಈಗ 40ರ ಪ್ಲಾನ್‌ಗೆ ಇಳಿದಿದ್ದೇನೆ, ಟೀವಿ ಒಮ್ಮೆಯೂ ನಿಂತಿಲ್ಲ. 200ರ ಪ್ಲಾನ್‌ಗೆ ಏಳು ತಿಂಗಳು ಕಟ್ಟಿದ ದುಡ್ಡು ನೆನೆದರೆ ಸಂಕಟ ಆಗುತ್ತೆ. ಒಂದು ವೈರ್‌ನಲ್ಲಿ ಮುಗಿಯೋ ಕೆಲಸವಾಗಿತ್ತು.

ಇನ್ನೊಂದು ಎಚ್ಚರಿಕೆ. ಹಳೇ ಟೀವಿಗೆ ಅಗ್ಗದ ಆಂಡ್ರಾಯ್ಡ್ ಡಬ್ಬಿ ತಗೊಳ್ಳೋರು ವೈಡ್‌ವೈನ್ ಎಲ್1 (ವಿಡಿಯೋ ನಕಲು ಮಾಡದಂತೆ ಕಾಯೋ ಬೀಗದ ಮೇಲ್ಮಟ್ಟ) ಇದೆಯಾ ನೋಡಿ. ಎಲ್3 ಅಂತ ಇದ್ದರೆ ನೆಟ್‌ಫ್ಲಿಕ್ಸ್ ಥರದ ಆಪ್‌ಗಳು ಎಚ್‌ಡಿ ಕೊಡೋದೇ ಇಲ್ಲ, ಮಸುಕು ಚಿತ್ರವನ್ನೇ ಕೊಡುತ್ತವೆ. ಜನ ನೆಟ್ ನಿಧಾನ ಅಂದುಕೊಂಡು ಪ್ಲಾನ್ ಏರಿಸ್ತಾರೆ, ಡಬ್ಬಿ ಬದಲಾಯಿಸಬೇಕು ಅಂತ ಹೊಳೆಯೋದೇ ಇಲ್ಲ.

ಕಲ್ಯಾಣನಗರ ಚಿಕ್ಕಮಗಳೂರು | ಮಂಗಳವಾರ ಬೆಳಗ್ಗೆ 10:30

ಎಲ್ಲರೂ 50 ಅಂತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳ್ತೀನಿ. 50ಕ್ಕೂ 100ಕ್ಕೂ ವ್ಯತ್ಯಾಸ 200 ರೂಪಾಯಿ, ಜಿಎಸ್‌ಟಿ ಸೇರಿ 236. ಮಗಳು ಪಿಯುಸಿ ಮುಗಿಸಿ ನಾಳೆ ಇಂಜಿನಿಯರಿಂಗ್ ಹೋದ್ರೆ ದೊಡ್ಡ ಫೈಲ್ ಇಳಿಸ್ತಾಳೆ. ನನ್ನದು ಮನೆಯಿಂದಲೇ ಕೆಲಸ, ನಾಲ್ಕು ಸಿಸಿಟಿವಿಯ ವಿಡಿಯೋ ನೆಟ್ ಮೂಲಕ ಕ್ಲೌಡ್‌ಗೆ ಏರ್ತಾ ಇರುತ್ತೆ. 40 ಇದ್ದಾಗ ಮೀಟಿಂಗ್‌ನಲ್ಲಿ ನನ್ನ ದನಿ ತುಂಡಾಗೋದು, 100 ಮಾಡಿದ ಮೇಲೆ ಸರಿ ಹೋಯ್ತು.

ಬೇಲೂರು ನೆಟ್‌ವರ್ಕ್ | ಮಂಗಳವಾರ ಮಧ್ಯಾಹ್ನ 1:15

ಕಲ್ಯಾಣನಗರದವರು ಹೇಳಿದ್ದು ನ್ಯಾಯ. ಸಿಸಿಟಿವಿ, ಮನೆಯಿಂದ ಕೆಲಸ ಇದ್ದೋರು ಅಪ್‌ಲೋಡ್ ನೋಡಬೇಕು. ಕೆಲವು ಪ್ಲಾನ್‌ನಲ್ಲಿ ಇಳಿಕೆ, ಏರಿಕೆ ಎರಡೂ ಸಮ, ಕೆಲವದರಲ್ಲಿ ಏರಿಕೆ ಕಾಲು ಭಾಗವೂ ಇರಲ್ಲ. ಕೇಳಿಯೇ ತಗೊಳ್ಳಿ. ಟೀವಿ ನೋಡೋದು ಮಾತ್ರ ಪೂರ್ತಿ ಇಳಿಕೆಯ ಕೆಲಸ. ಸಾಲಗಾಮೆಯವರು 50ರಿಂದ ಶುರು ಮಾಡಲಿ, ಸಾಲದಿದ್ದರೆ ಒಂದು ಫೋನ್‌ನಲ್ಲಿ 100 ಆಗುತ್ತೆ. ಆರು ತಿಂಗಳ, ವರ್ಷದ ದುಡ್ಡನ್ನ ಮಾತ್ರ ಈಗಲೇ ಮುಂಗಡ ಕಟ್ಟಬೇಡಿ. ಮೊದಲ ತಿಂಗಳು ರಾತ್ರಿ ಒಂಬತ್ತಕ್ಕೆ, ಟೀವಿ ಇರೋ ಜಾಗದಲ್ಲೇ ನಿಂತು ಅಳೆದು ನೋಡಿ.

ವಿದ್ಯಾನಗರ ಕ್ರಿಕೆಟ್ | ಮಂಗಳವಾರ ಸಂಜೆ 6:05

ಮ್ಯಾಚ್ ನೋಡೋರು ಒಂದು ವಿಷಯ ತಿಳ್ಕೊಳ್ಳಿ. ಎಷ್ಟೇ ಸ್ಪೀಡ್ ಇದ್ರೂ ಆಪ್‌ನಲ್ಲಿ ಬಾಲ್ ತಡವಾಗೇ ಬೀಳುತ್ತೆ. ಪಕ್ಕದ ಮನೆಯವರಿಗೆ ಕೇಬಲ್ ಇದೆ, ಅವರು "ಔಟ್" ಅಂತ ಕೂಗಿದ ಮೇಲೆ ನಮ್ಮಲ್ಲಿ ಬೌಲರ್ ಓಡೋಕೆ ಶುರು ಮಾಡ್ತಾನೆ. ಪ್ಲಾನ್ 50ರಿಂದ 150 ಮಾಡಿ ನೋಡಿದೆ, ಒಂದು ಸೆಕೆಂಡೂ ಕಮ್ಮಿ ಆಗಲಿಲ್ಲ. ಇದಕ್ಕೆ ಪರಿಹಾರ ಇದೆಯಾ?

ಬೇಲೂರು ನೆಟ್‌ವರ್ಕ್ | ಮಂಗಳವಾರ ಸಂಜೆ 6:40

ಇಲ್ಲ. ಸ್ಪೀಡಿಗೂ ಅದಕ್ಕೂ ಸಂಬಂಧವಿಲ್ಲ. ಆಪ್ ಚಿತ್ರವನ್ನ ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಬೇರೆ ಬೇರೆ ಗುಣಮಟ್ಟದಲ್ಲಿ ತಯಾರು ಮಾಡಿ ಕಳಿಸುತ್ತೆ. ನಿಮ್ಮ ಟೀವಿ ಕೆಲವು ತುಂಡುಗಳನ್ನ ಕೂಡಿಟ್ಟುಕೊಂಡು ಆಮೇಲೆ ತೋರಿಸೋಕೆ ಶುರು ಮಾಡುತ್ತೆ. ನಡುವೆ ಲೈನ್ ತಡವರಿಸಿದ್ರೂ ಚಿತ್ರ ನಿಲ್ಲದಿರಲಿ ಅಂತ ಈ ಏರ್ಪಾಡು. ಅಷ್ಟಕ್ಕೇ ಅರ್ಧ ನಿಮಿಷದ ಹತ್ತಿರ ಹಿಂದೆ ಬೀಳೋದುಂಟು.

ಡಿಶ್ ಜೊತೆ ಹೋಲಿಸಿ ನೋಡಿ, ಆಶ್ಚರ್ಯ ಆಗುತ್ತೆ. ಸಿಗ್ನಲ್ ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ ಅಷ್ಟೇ ದೂರ ಕೆಳಗೆ ಬರೋಕೆ ಕಾಲು ಸೆಕೆಂಡ್ ಹಿಡಿಯುತ್ತೆ. ಮೂಡಿಗೆರೆಯವರ ಫ್ರೀ ಡಿಶ್ ಬರೋದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಅದು ಹಾರಿದ ಮೇಲೆ ಅದರ ಉಸ್ತುವಾರಿ ವಹಿಸಿಕೊಂಡಿದ್ದು ನಮ್ಮ ಹಾಸನದ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ). ಇಸ್ರೋದ ಆ ಕೇಂದ್ರ 1982ರಿಂದ ಇಲ್ಲಿದೆ. ಸಾಲಗಾಮೆಯವರೇ, ನಿಮ್ಮ ರಸ್ತೆಯಲ್ಲೇ ಹೋಗ್ತಾ ಆ ದೊಡ್ಡ ಆಂಟೆನಾಗಳನ್ನ ನೋಡಿರ್ತೀರಿ. ಚಿಕ್ಕವನಿದ್ದಾಗ ಬಸ್ಸಿನ ಕಿಟಕಿಯಿಂದ ಅವನ್ನ ನೋಡಿಯೇ ನನಗೆ ಈ ವಿಷಯದಲ್ಲಿ ಆಸೆ ಹುಟ್ಟಿದ್ದು.

ಅರಸೀಕೆರೆ ಕೇಬಲ್ | ಮಂಗಳವಾರ ರಾತ್ರಿ 11:00

ಸಾಲಗಾಮೆಯವರಿಗೆ. ಅಮ್ಮನ ಕೇಬಲ್ ಇಟ್ಟುಕೊಳ್ಳೋದಾದ್ರೆ 300 ಕೊಡೋ ಅವಶ್ಯಕತೆ ಇಲ್ಲ. 2019ರಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮ ಬಂದಾಗಿಂದ ಬೇಕಾದ ಚಾನೆಲ್ ಮಾತ್ರ ಆರಿಸ್ಕೊಳ್ಳೋ ಹಕ್ಕು ನಿಮಗಿದೆ. ಆಗ ನೆಟ್‌ವರ್ಕ್ ಶುಲ್ಕ 130 ರೂಪಾಯಿ ಮತ್ತೆ ಜಿಎಸ್‌ಟಿ ಅಂತ ಮಿತಿ ಇತ್ತು, 2024ರಲ್ಲಿ ಆ ಮಿತಿ ತೆಗೆದ್ರು, ಈಗ ಒಬ್ಬೊಬ್ಬರದು ಒಂದೊಂದು ದರ. ಆದ್ರೂ ಚಾನೆಲ್ ಆಯ್ಕೆ ನಿಮ್ಮದೇ. ಕನ್ನಡ ಪ್ಯಾಕ್ ಮಾತ್ರ ಕೊಡಿ, ಹಿಂದಿ, ಇಂಗ್ಲಿಷ್, ಸ್ಪೋರ್ಟ್ಸ್ ತೆಗೀರಿ ಅಂತ ಬರೆದುಕೊಡಿ. ಚಂದನ ಹೇಗಿದ್ರೂ ಬರುತ್ತೆ, ಅದನ್ನ ಕೊಡೋದು ಎಲ್ಲ ಆಪರೇಟರ್‌ಗೂ ಕಡ್ಡಾಯ.

ಸಾಲಗಾಮೆ ರಸ್ತೆ | ಮೂರು ವಾರದ ನಂತರ, ಭಾನುವಾರ

ಇಷ್ಟು ಜನ ಇಷ್ಟು ಹೊತ್ತು ಕೊಟ್ಟಿದ್ದೀರಿ, ಏನಾಯ್ತು ಅಂತ ಹೇಳೋದು ನನ್ನ ಕರ್ತವ್ಯ.

50 ಎಂಬಿಪಿಎಸ್ ತಗೊಂಡೆ, ತಿಂಗಳಿಗೆ 590. ಬರೀ ಒಂದು ತಿಂಗಳದ್ದು ಕಟ್ಟಿದೆ. ಲೈನ್ ಹಾಕಿದ ದಿನ ಬೆಳಕು ಅಳೆಯೋ ಮೀಟರ್ ಇಟ್ಟಾಗ ಮೈನಸ್ 21 ಡಿಬಿಎಂ (ಬೆಳಕು ಎಷ್ಟು ಬರ್ತಿದೆ ಅನ್ನೋ ಅಳತೆ) ತೋರಿಸ್ತು. ಮೈನಸ್ 27ಕ್ಕಿಂತ ಕೆಳಗೆ ಇಳಿದ್ರೆ ಲೈನ್ ಕೆಡುತ್ತೆ ಅಂತ ಆ ಹುಡುಗನೇ ಹೇಳಿದ. ಆ ಅಂಕಿಯನ್ನ ರೂಟರ್ ಮೇಲೆ ಚೀಟಿ ಅಂಟಿಸಿ ಬರೆದಿಟ್ಟಿದ್ದೀನಿ, ಮುಂದೆ ತೊಂದರೆ ಆದಾಗ ಹೋಲಿಸೋಕೆ.

ಕೊಪ್ಪದವರ ಮಾತು ಕೇಳಿ ಹಾಲ್ ಟೀವಿಗೆ 20 ಮೀಟರ್ ವೈರ್ ಎಳೆಸಿದೆ. ರಾತ್ರಿ ಒಂಬತ್ತಕ್ಕೆ ಏಳು ದಿನ ಅಳೆದೆ. ವೈರಲ್ಲಿ ಒಂದು ದಿನವೂ 46ಕ್ಕಿಂತ ಕೆಳಗೆ ಬರಲಿಲ್ಲ. ವೈಫೈಯಲ್ಲಿ ಮಗಳ ಓದೋ ಕೋಣೆಗೆ ಮೊದಲು 11 ಬಂತು. ರೂಟರ್‌ನ ಶೋಕೇಸ್ ಒಳಗಿಂದ ತೆಗೆದು ಪ್ಯಾಸೇಜ್ ಗೋಡೆಗೆ ಎತ್ತರದಲ್ಲಿ ಹಾಕಿದ ಮೇಲೆ 26. ಪ್ಲಾನ್ ಅದೇ, ಜಾಗ ಮಾತ್ರ ಬೇರೆ. 21 ದಿನದಲ್ಲಿ ನಮ್ಮ ಬಳಕೆ 310 ಜಿಬಿ. ಮೇಷ್ಟ್ರ ಲೆಕ್ಕದಿಂದ ನನಗೆ ಧೈರ್ಯ ಇತ್ತು.

ಹಾಲ್ ಕೇಬಲ್ ತೆಗೆಸಿದೆ. ಅಮ್ಮನದು ಇಟ್ಟೆ, ಕನ್ನಡ ಚಾನೆಲ್ ಮಾತ್ರ ಉಳಿಸಿದ್ದಕ್ಕೆ 300 ಇದ್ದಿದ್ದು 240 ಆಯ್ತು. ಈಗ ಒಟ್ಟು 830. ಮುಂಚೆಗಿಂತ 150 ಜಾಸ್ತಿ, ಆದ್ರೆ ಮಗಳ ಓದಿನ ನೆಟ್ಟೂ ಅದರಲ್ಲೇ ಬಂತು. ನಮ್ಮ ಮೂರು ಫೋನಿನ ರೀಚಾರ್ಜನ್ನೂ ಸಣ್ಣದಕ್ಕೆ ಇಳಿಸ್ತಿದ್ದೀವಿ.

ಕಳೆದ ಶನಿವಾರ ಸಂಜೆ ಜೋರು ಮಳೆ ಗಾಳಿ. ನಮ್ಮ ಬೀದಿ ತುದಿಯಲ್ಲಿ ಮರದ ಕೊಂಬೆ ಬಿದ್ದು ಫೈಬರ್ ತುಂಡಾಯ್ತು. ಅಮ್ಮನ ಕೇಬಲ್ ಬೇರೆ ಆಪರೇಟರ್‌ದು, ಇನ್ನೊಂದು ಬೀದಿ ಕಡೆಯಿಂದ ಬರುತ್ತೆ, ಅದು ಉಳೀತು. ರಾತ್ರಿ ನಾವು ನಾಲ್ಕೂ ಜನ ಅಮ್ಮನ ಮಂಚದ ಮೇಲೆ ಕೂತು ಅವರ ಧಾರಾವಾಹಿ ನೋಡಿದ್ವಿ. ಯಾರು ಯಾರ ಸೊಸೆ, ಯಾಕೆ ಜಗಳ ಅಂತ ಮೂರು ವರ್ಷದ ಕಥೆಯನ್ನ ಅಮ್ಮ ಮೊಮ್ಮಗಳಿಗೆ ಬಿಡಿಸಿ ಬಿಡಿಸಿ ಹೇಳಿದ್ರು. ಭಾನುವಾರ ಹತ್ತು ಗಂಟೆಗೆ ಏಣಿ ಹುಡುಗ ಬಂದ, ಹನ್ನೊಂದಕ್ಕೆ ಹಸಿರು ಲೈಟ್ ಬಂತು. ಅವನ ನಂಬರ್ ಇಸ್ಕೊಳ್ಳಿ ಅಂದಿದ್ದಕ್ಕೆ ಅರಸೀಕೆರೆಯವರಿಗೆ ಇನ್ನೊಂದು ಸಲ ಧನ್ಯವಾದ.

ಮೂಡಿಗೆರೆ ತೋಟ | ಭಾನುವಾರ ರಾತ್ರಿ 8:15

ಓದಿ ಖುಷಿ ಆಯ್ತು ಮಾರಾಯ್ರೆ. ಕರೆಂಟ್ ಹೋದಾಗ ರೂಟರ್ ಹೇಗೆ?

ಸಾಲಗಾಮೆ ರಸ್ತೆ | ಭಾನುವಾರ ರಾತ್ರಿ 8:40

ಮನೆಗೆ ಇನ್ವರ್ಟರ್ ಇದೆ, ಆದ್ರೆ ಅದು ಬದಲಾಗೋ ಆ ಕ್ಷಣದಲ್ಲಿ ರೂಟರ್ ಆಫ್ ಆಗಿ ಮತ್ತೆ ನೆಟ್ ಬರೋಕೆ ಮೂರು ನಿಮಿಷ ಹಿಡೀತಿತ್ತು. ಮಗಳ ಕ್ಲಾಸ್ ಮಧ್ಯೆ ಅದು ತುಂಬಾ ಕಿರಿಕಿರಿ. ನೀವು ಹೇಳಿದ ಥರದ್ದೇ ಸಣ್ಣ ಯುಪಿಎಸ್ ತಂದೆ, ಈಗ ಕಡಿಯೋದೇ ಇಲ್ಲ.

ಆಲೂರು | ಭಾನುವಾರ ರಾತ್ರಿ 9:02

ಅದು ಎಷ್ಟು ಹೊತ್ತು ಬರುತ್ತೆ? ಯಾವುದಾದ್ರೂ ನಡೆಯುತ್ತಾ, ನೋಡಿ ತಗೋಬೇಕಾ?

ಸಾಲಗಾಮೆ ರಸ್ತೆ | ಭಾನುವಾರ ರಾತ್ರಿ 9:10

ಬೇಕು ಅಂತಲೇ ಪ್ಲಗ್ ಕಿತ್ತು ನೋಡಿದೆ, ಮೂರು ಗಂಟೆ ಹತ್ತು ನಿಮಿಷ ಬಂತು. ರೂಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿರುತ್ತೆ, ನಮ್ಮದು 12. ಅದನ್ನ ನೋಡಿಕೊಂಡೇ ತಗೊಳ್ಳಿ. 9 ವೋಲ್ಟಿನ ರೂಟರ್‌ಗೆ 12ರದ್ದು ಚುಚ್ಚಬೇಡಿ, ಸುಟ್ಟುಹೋಗಬಹುದು. ಅಂಗಡಿಗೆ ಹೋಗುವಾಗ ಅಡಾಪ್ಟರ್‌ನೇ ಕೈಲಿ ಹಿಡ್ಕೊಂಡು ಹೋಗಿ, ಪಿನ್ನಿನ ಗಾತ್ರವೂ ಕೂರುತ್ತಾ ಅಂತ ಅಲ್ಲೇ ನೋಡಬಹುದು.